ಅಟ್ಟಕ್ಕೇರಿಸಿದ ಕೆಂಪು ಶೂ

ತೋಟದ ಕೂಲಿಯವರಿಗೆ ವರ್ಷಕ್ಕೊಂದು ಜೊತೆ ಗಮ್ ಬೂಟು ಕೊಡಿ ಎಂಬ ಮನವಿ ಹಿಡಿದು ಕೊಪ್ಪದ ತಾಲೂಕು ಕಚೇರಿಗೆ ಹೊರಟಿದ್ದೆ. ದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು. ಹೊಲಿಸಲು ಬಸ್ ಸ್ಟ್ಯಾಂಡಿನ ಪಕ್ಕದ ಅಜ್ಜನ ಹತ್ತಿರ ಹೋದರೆ, ಅಲ್ಲಿ ಹಿರೇಕೊಡಿಗೆ ಕಡೆಯ ಸುಮಿತ್ರಾ ಕೂತಿದ್ದಳು. ತೋಟದ ಆಳು. ಮನವಿಗೆ ಸಹಿ ಹಾಕದೆ ತಪ್ಪಿಸಿಕೊಂಡವಳು. ಕೈಯಲ್ಲಿ ಕೆಂಪು ಹೈಹೀಲ್ಸ್ ಡ್ಯಾನ್ಸ್ ಶೂ!

"ಸಹಿಗೆ ಪುರುಸೊತ್ತಿಲ್ಲ, ಇದಕ್ಕುಂಟಾ?" ಎಂದು ರೇಗಿದೆ.

ಮದುವೆಗೆ ಮುಂಚೆ ಅವಳು ಆರ್ಕೆಸ್ಟ್ರಾದಲ್ಲಿ ಕುಣಿಯುತ್ತಿದ್ದಳಂತೆ. ಈ ಭಾನುವಾರ ಮಹಿಳಾ ಸಂಘದ ವಾರ್ಷಿಕೋತ್ಸವದಲ್ಲಿ ಮತ್ತೆ ಕುಣಿಯಬೇಕು. ಬೂಷ್ಟು ಹಿಡಿಯಬಾರದೆಂದು ಶೂವನ್ನು ಇಷ್ಟು ವರ್ಷ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದಳು.

"ಇದೇನು ಒಣಮೀನಾ ಮಾರಾಯ್ತಿ, ಹೊಗೆಗೆ ಇಡಲಿಕ್ಕೆ?" ಅಜ್ಜ ಬೈದ. "ಅಂಟೆಲ್ಲ ಬಿಟ್ಟಿದೆ. ಒಳಗೆ ಕಾಗದ ತುರುಕಿ ನೆರಳಲ್ಲಿಡು. ಹೀಲಿನ ರಬ್ಬರ್ ಸವೆದ ಕೂಡಲೇ ತಾ. ರಸ್ತೆಗಂತೂ ಇಳಿಸಲೇಬೇಡ."

ಅಗಲವಾಗಿಹೋದ ಅವಳ ಕಾಲ್ಬೆರಳುಗಳಿಗೆಂದು ಮರದ ಅಚ್ಚು ತೂರಿಸಿ ಮುಂಭಾಗ ಹಿಗ್ಗಿಸಿದ. ಹಿಮ್ಮಡಿ ಜಾರದಂತೆ ಮೆತ್ತನೆ ಚರ್ಮ ಅಂಟಿಸಿದ. ಅವಳು ಹಾಕಿಕೊಂಡು ಗೋಣಿಯ ಮೇಲೆ ನಿಂತಳು. ಎರಡೇ ಹೆಜ್ಜೆ ಹಾಕಿ ಕಣ್ಣು ಮುಚ್ಚಿದಳು.

"ನೀವು ಬೂಟು ಕೊಡಿಸ್ತೀರಿ ಅಕ್ಕಾ, ಬರೋದು ಗಂಡಸರ ಅಳತೆಯದ್ದೇ. ಹೋದ ಸಲವೂ ಹಾಗೇ ಆಯ್ತು. ನನ್ನ ಕಾಲಿನ ಅಳತೆ ಕೇಳಿ ಕೊಟ್ಟದ್ದು ಆರ್ಕೆಸ್ಟ್ರಾದವರ ಈ ಶೂ ಒಂದೇ."

ನಾನು ಮನವಿ ಬಿಚ್ಚಿ 'ಅವರವರ ಅಳತೆಯ' ಎಂದು ಸೇರಿಸಿದೆ. ಸುಮಿತ್ರಾ ಸಹಿ ಹಾಕಿದಳು.

ತಹಶೀಲ್ದಾರರ ಮೇಜು ಕುಟ್ಟಿ ಮಾತಾಡುವವಳು ನಾನು. ಆ ಶೂ ಒಂದು ಸಲ ಹಾಕಿ ನೋಡಲಾ ಎಂದು ಕೇಳಲಿಕ್ಕೆ ಮಾತ್ರ ನನಗೆ ಬಾಯಿ ಬರಲಿಲ್ಲ.