ಊರು ಬಿಡಲು ಎರಡನೇ ಸಲ ಕೈ ಎತ್ತಿದ್ದು

ಟ್ರಿಫಿ ಪೆಲ್ಲಿಗೆ ಎಪ್ಪತ್ತು ದಾಟಿತ್ತು. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಕೊಲ್ಲಿಯ ಈಚೆ ದಡದಲ್ಲಿ ಅವಳನ್ನು 'ಟ್ರಿಫಿ ಅತ್ತೆ' ಎನ್ನದವರಿಲ್ಲ. ಅವಳ ಕೈಯ ಕಾಕಂಬಿ ಬನ್ನು ತಿನ್ನದವರಿಲ್ಲ, ಬಾಯಿಯ ಬೈಗುಳ ತಿನ್ನದವರೂ ಇಲ್ಲ. ಆದರೆ ಹ್ಯಾಗ್ಡನ್ ಕೋವ್ ಎಂಬ ಹೆಸರು ಕಿವಿಗೆ ಬಿದ್ದರೆ ಅವಳು ಗಪ್‌ಚಿಪ್.

ಅದು ಕೊಲ್ಲಿಯಾಚೆ ಇದ್ದ ಅವಳ ಹುಟ್ಟೂರು. ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ, ಮೀನೊಂದೇ ಗತಿ. ಟ್ರಿಫಿ ಚಿಕ್ಕವಳಿದ್ದಾಗ, ಎಲ್ಲ ಮನೆಯವರೂ ಒಪ್ಪಿದರೆ ಮಾತ್ರ ಊರನ್ನು ಈಚೆಗೆ ಸಾಗಿಸುತ್ತೇವೆ ಎಂದಿತು ಸರ್ಕಾರ. ಶಾಲೆಯಲ್ಲಿ ಸಭೆ ಸೇರಿ ಒಬ್ಬೊಬ್ಬರಾಗಿ ಕೈ ಎತ್ತಿದರು. ಕೊನೆಗೆ ಎತ್ತಿದ್ದು ಟ್ರಿಫಿಯ ತಾಯಿ, ವಿಧವೆ ಸೆಲೀನ. ಮರದ ಮನೆಗಳಿಗೆ ಖಾಲಿ ಪೀಪಾಯಿ ಕಟ್ಟಿ ಸಮುದ್ರದ ಮೇಲೆ ತೇಲಿಸಿಕೊಂಡು ಬಂದರು. ಬಂದ ಮೇಲೆ ಶುರುವಾಯಿತು ನೋಡಿ ಹಳಹಳಿಕೆ! "ಸೆಲೀನ ಅವತ್ತು ಕೈ ಎತ್ತದಿದ್ರೆ ನಾವಿನ್ನೂ ಅಲ್ಲೇ ಇರ್ತಿದ್ವಿ" ಎನ್ನುವುದು ಊರಿನ ಪಲ್ಲವಿಯಾಯಿತು. ಮೊದಲು ಎತ್ತಿದವರು ಯಾರೆಂದು ಯಾರಿಗೂ ನೆನಪಿಲ್ಲ, ಪಾಪ. ಆ ಮಾತು ಕೇಳಿ ಕೇಳಿಯೇ ಸೆಲೀನ ಒಂದು ದಿನ ಕಣ್ಣು ಮುಚ್ಚಿದಳು. ತಾಯಿಯ ಮೇಲಿನ ಅಪವಾದ ತೊಳೆಯದೆ ತಾನು ಸಾಯಬಾರದು ಎನ್ನುವುದು ಟ್ರಿಫಿಯ ಹಠ.

ಹಾಗಾಗಿ ಪಟ್ಟಣದಿಂದ ಬಂದ ನಾಟಕದ ಹುಡುಗಿ ಮಾರಿಯನ್, ಹಳೇ ಊರಿನ ಜಾಗದಲ್ಲೇ ನಾಟಕ ಆಡಿಸುತ್ತೇನೆ, ನಿಮ್ಮ ತಾಯಿಯ ಪಾತ್ರ ನೀವೇ ಮಾಡಿ ಎಂದಾಗ ಟ್ರಿಫಿ ತಕ್ಷಣ ಒಪ್ಪಿದಳು.

ಆಗಸ್ಟಿನ ಒಂದು ಮಧ್ಯಾಹ್ನ ಹಳಬರನ್ನೆಲ್ಲ ದೋಣಿ ಆಚೆ ಇಳಿಸಿತು. ಮಾರಿಯನ್ ಹುಲ್ಲಿನ ಮೇಲೆ ಹಗ್ಗ ಎಳೆದು ಮನೆಗಳ ಗುರುತು ಮಾಡಿದ್ದಳು. ನಾಟಕ ಶುರುವಾಗುವ ಮೊದಲೇ ಪ್ರೇಕ್ಷಕರು ಹಗ್ಗ ಕಿತ್ತರು.

"ನಮ್ಮ ಬಾಗಿಲು ಸಮುದ್ರದ ಕಡೆಗಿತ್ತು ಕಣಮ್ಮಾ!" ಎಂದ ಹೆಡ್ಲಿ ಬರ್ಟ್. ಎಂಬತ್ತರ ಮುದುಕ, 'ಸೆಲೀನ ಕೈ ಎತ್ತದಿದ್ರೆ' ಎಂಬ ಪಲ್ಲವಿ ಹಾಡುವುದರಲ್ಲಿ ಅವನದೇ ಎತ್ತರದ ದನಿ.

"ನಿನ್ನ ಬಾಗಿಲು ಹಾಳಾಗ್ಲಿ, ಮೊದಲು ನಮ್ಮ ಆಲೂಗಡ್ಡೆ ಪಾತಿ ಬಿಟ್ಟು ಆಚೆ ನಿಂತ್ಕೋ!" ಎಂದಳು ಟ್ರಿಫಿ.

ಮಾರಿಯನ್ ಒಂದು ಎಡವಟ್ಟು ಮಾಡಿದ್ದಳು. ಸಭೆಯ ದೃಶ್ಯದಲ್ಲಿ ಕೈ ಎತ್ತುವ ಕೆಲಸವನ್ನು ಪ್ರೇಕ್ಷಕರಿಗೇ ಬಿಟ್ಟಿದ್ದಳು. "ಊರು ಬಿಡೋಕೆ ಒಪ್ಪೋರು ಕೈ ಎತ್ತಿ" ಎಂದಳು. ಒಂದು ಕೈಯೂ ಏಳಲಿಲ್ಲ.

"ಒಂದ್ಸಲ ಎತ್ತಿ ಅನುಭವಿಸಿದ್ದು ಸಾಕು ತಾಯಿ," ಹೆಡ್ಲಿ ಕೈ ಕಟ್ಟಿ ನಿಂತ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಎಲ್ಲರೂ ಎತ್ತದೆ ನಾಟಕ ಮುಗಿಯಲ್ಲ. ಮುಗೀದೆ ದೋಣಿ ಹೊರಡಲ್ಲ," ಎಂದಳು ಮಾರಿಯನ್. ಅವಳೂ ಕಡಿಮೆಯವಳಲ್ಲ.

ವೀರಾವೇಶ ಬಹಳ ಹೊತ್ತು ಬಾಳಲಿಲ್ಲ. ಮಂಜು ಇಳಿಯಿತು, ಗಾಳಿ ಎದ್ದಿತು. ಒಬ್ಬಳ ಮಾತ್ರೆ ಆಚೆ ದಡದಲ್ಲಿತ್ತು. ಇನ್ನೊಬ್ಬನಿಗೆ ಒಂದಕ್ಕೆ ಅವಸರವಾಗಿತ್ತು. "ನಾಟಕ ತಾನೆ" ಎಂದು ಒಂದು ಕೈ ಎದ್ದಿತು, ಅದರ ಹಿಂದೆ ಇನ್ನೊಂದು. "ಮಂಡಿ ನೋವಿಲ್ದಿದ್ರೆ ನಾನು ಬಗ್ತಾನೇ ಇರ್ಲಿಲ್ಲ" ಎಂದು ಗೊಣಗುತ್ತ ಹೆಡ್ಲಿಯೂ ಎತ್ತಿದ. ಉಳಿದವಳು ಸೆಲೀನಳ ಪಾತ್ರದಲ್ಲಿ ಬೆಂಚಿನ ಮೇಲೆ ಕೂತಿದ್ದ ಟ್ರಿಫಿ ಒಬ್ಬಳೇ.

"ಎತ್ತೇ ಮಾರಾಯ್ತಿ! ನಿನ್ನೊಬ್ಬಳ ಹಠಕ್ಕೆ ನಾವೆಲ್ಲ ಇಲ್ಲಿ ಸಾಯ್ಬೇಕಾ?" ಹೆಡ್ಲಿ ಗದರಿದ.

ಟ್ರಿಫಿ ಅವನನ್ನೇ ದಿಟ್ಟಿಸಿದಳು. "ನಮ್ಮಮ್ಮಂಗೂ ಇದೇ ಮಾತು ಅಂದಿದ್ರಲ್ವೇನೋ? ಹೀಗೇ ಎಲ್ರೂ ಕೈ ಎತ್ಕೊಂಡು ನಿಂತು?"

ಎತ್ತಿದ ಕೈಗಳನ್ನು ಇಳಿಸುವುದೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹೆಡ್ಲಿ ಟೋಪಿ ತೆಗೆದ.

"ಅಂದಿದ್ವಿ ಕಣೇ. ಅವತ್ತು ಎಲ್ಲರಿಗಿಂತ ಮೊದಲು ಎತ್ತಿದವನೇ ನಾನು. ಸೆಲೀನಕ್ಕ ಎತ್ತಿದ್ದು ನಮ್ಮ ಕಾಟಕ್ಕೆ."

ಟ್ರಿಫಿಗೆ ದುಃಖ ಉಕ್ಕಿ ಬಂತು. ಎಲ್ಲರೆದುರೇ ಗೊಳೋ ಎಂದು ಅತ್ತಳು. ಆಮೇಲೆ ಕೈ ಎತ್ತಿದಳು.

ಮಾರಿಯನ್ ಕುಣಿದಾಡಿಬಿಟ್ಟಳು. "ಅತ್ತೇ, ಏನು ನಟನೆ! ನಾಳೆ ಆಟದಲ್ಲೂ ಹೀಗೇ ಅಳ್ಬೇಕು ನೀವು!"

"ನಮ್ಮಮ್ಮನ ಪಾತ್ರ ಇವತ್ತಿಗೆ ಮುಗೀತಮ್ಮ," ಟ್ರಿಫಿ ಮೂಗು ಒರೆಸಿಕೊಂಡಳು. "ನಾಳೆಯಿಂದ ಮೊದಲು ಕೈ ಎತ್ತಿದವನ ಪಾತ್ರ ಹಾಕ್ಸು. ಹೆಡ್ಲಿ ಅಳ್ತಾನೆ."