ರಾಜಮತಿಯವರು ಖಾನಾವಳಿಗೆ ಹೋದದ್ದು

ನನ್ನ ಅತ್ತೆ ರಾಜಮತಿಯವರು ನಮ್ಮ ಮನೆಗೆ ಬಂದ ದಿನವೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದರು, ಡಬ್ಬಿಯ ಹಿಟ್ಟನ್ನೆಲ್ಲ ಜರಡಿ ಹಿಡಿದರು, ಅಡುಗೆಮನೆಯ ನಲ್ಲಿಗೆ ಸೋಸುವ ಬಟ್ಟೆ ಕಟ್ಟಿದರು. ಇಷ್ಟೆಲ್ಲ ಆದಮೇಲೆ ಗೋಡೆಗೆ ಒರಗಿ ಕುಳಿತು, ಬಸ್ಸಿನಲ್ಲಿ ಬಂದು ಬೆನ್ನು ನೋಯುತ್ತಿದೆ ಎಂದರು. ನಾನು ಬಾಗಿಲಲ್ಲಿ ನಿಂತು, ಪಾಪ, ಬಸ್ಸಿನದೇ ನೋವಿರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ದೂರ ಓಡುತ್ತದೆ.

ನಾನು ಅಥಣಿಯ ಒಂದು ಟ್ರ್ಯಾಕ್ಟರ್ ಅಂಗಡಿಯಲ್ಲಿ ಬಿಡಿಭಾಗ ಮಾರುವವನು. ಕಬ್ಬಿನ ಹಂಗಾಮು ಶುರುವಾದರೆ ಕೌಂಟರಿನ ಈಚೆ ನಾನೊಬ್ಬ, ಆಚೆ ಇಡೀ ತಾಲೂಕು. ಎಲ್ಲರ ಟ್ರ್ಯಾಕ್ಟರೂ ನಡುರಸ್ತೆಯಲ್ಲೇ ನಿಂತಿರುತ್ತದೆ, ಎಲ್ಲರಿಗೂ ಈಗಿಂದೀಗಲೇ ಬೇರಿಂಗ್ ಬೇಕಿರುತ್ತದೆ. ಸಂಜೆ ಮನೆಗೆ ಬಂದಾಗ ನನ್ನ ಕಾಲುಗಳು ಬೇರೆ ಯಾರದೋ ಎಂಬಂತೆ ಹಿಂದೆ ಬರುತ್ತವೆ. ಜಗತ್ತಿನಲ್ಲಿ ನನ್ನಷ್ಟು ದಣಿದವನಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆಯಲ್ಲಿ ಒಂದು ಸುಖವೂ ಇತ್ತು.

ಅತ್ತೆಯವರನ್ನು ಕರೆಸಿದ್ದು ಸುಮ್ಮನೆ ಅಲ್ಲ. ನನ್ನ ಹೆಂಡತಿ ತೃಪ್ತಿ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮಗಳು ಬ್ರಾಹ್ಮಿ ಹುಟ್ಟಿದ ಮೇಲೆ ರಜೆಯಲ್ಲಿದ್ದಳು. ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ನನ್ನ ತಾಯಿ ಐಗಳಿಯಲ್ಲಿ ಅಣ್ಣನ ಮಕ್ಕಳನ್ನು ಕಾಯುತ್ತಾಳೆ, ಅವಳನ್ನು ಅಲ್ಲಿಂದ ಬಿಡಿಸಿ ತರುವ ಧೈರ್ಯ ಅತ್ತಿಗೆಯ ಎದುರು ನನಗಿಲ್ಲ. ಉಳಿದದ್ದು ನಿಪ್ಪಾಣಿ ಕಡೆಯ ಹಳ್ಳಿಯಲ್ಲಿರುವ ರಾಜಮತಿಯವರು. "ಒಂದ್ ವಾರ ಬಂದ ನೋಡ್ತೀನಿ" ಎಂದು ಅವರು ಫೋನಿನಲ್ಲಿ ಅಂದಿದ್ದರು. ನೋಡಿ ಒಪ್ಪಿದರೆ ಬೇಸಿಗೆ ರಜೆಯವರೆಗೆ ಇರುತ್ತಾರೆ. ಒಪ್ಪದಿದ್ದರೆ ತೃಪ್ತಿಯ ಕೆಲಸ ಹೋಗುತ್ತದೆ. ಅವಳು ಆಗಲೇ ರಾತ್ರಿ ನಿದ್ದೆಗಣ್ಣಿನಲ್ಲಿ ಕೂಸನ್ನು ತಟ್ಟುತ್ತ ಮಗ್ಗಿ ಹೇಳತೊಡಗಿದ್ದಳು.

ಆ ವಾರವಿಡೀ ಅತ್ತೆಯವರಿಗೆ ಏನೂ ಸೇರಲಿಲ್ಲ. ನಾವು ಜೈನರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿಯಂಥ ನೆಲದೊಳಗೆ ಬೆಳೆದದ್ದನ್ನು ಅವರು ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಇಲ್ಲಿ ಹೀರೇಕಾಯಿಯೂ ಎಳೆಯದಾಗಿರಲಿಲ್ಲ, ಹೆಸರುಕಾಳೂ ಸರಿ ಬೆಂದಿರಲಿಲ್ಲ, ಅಥಣಿಯ ಮೊಸರಿಗೆ ನಿಪ್ಪಾಣಿಯ ಮೊಸರಿನ ಗುಣವಿರಲಿಲ್ಲ. ನಮ್ಮಲ್ಲಿ ಅಳಿಯನೂ ಅತ್ತೆಯೂ ಎದುರುಬದುರು ಮಾತಾಡುವ ಪದ್ಧತಿಯೂ ಇಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದರೂ ಮಾತು ತೃಪ್ತಿಯ ಮೇಲೆ ಹಾದುಹೋಗಬೇಕು.

"ಆಯಿ, ಚಹಾಕ್ಕ ಸಕ್ಕರಿ ಸಾಕೇನಂತ ಕೇಳಾಕತ್ತಾರ ಇವರು."

"ಸಕ್ಕರಿ ಸಾಕಂತ ಹೇಳವಾ ಅವರಿಗೆ. ಚಹಾಪುಡಿ ಕಮ್ಮಿ ಆಗೈತಿ."

ಎರಡು ಮೊಳ ದೂರದಲ್ಲಿ ಕೂತು ಇದನ್ನು ಕೇಳಿಸಿಕೊಂಡ ನಾನು, ತೃಪ್ತಿ ಮತ್ತೆ ನನಗೆ ಹೇಳುವವರೆಗೂ ಕೇಳಿಸದವನಂತೆ ಕೂತಿರಬೇಕಿತ್ತು.

ಕೌಂಟರಿನಲ್ಲಿ ನನ್ನ ಜತೆ ಕೆಲಸ ಮಾಡುವ ಮಾಳೇಶ ನನ್ನ ಮುಖ ನೋಡಿಯೇ ಮದ್ದು ಹೇಳಿದ.

"ಲೇ ಶ್ರೇಣಿಕ, ನಮ್ಮತ್ತಿನೂ ಹಿಂಗ ಮಾರಿ ಗಂಟ ಹಾಕ್ಕೊಂಡ ಕುಂತಿದ್ಳು. ಒಂದ್ಸಲ ಚಲೋ ಹೋಟೆಲಿಗೆ ಒಯ್ದೆ, ಕಡೀಕ ಐಸ್‌ಕ್ರೀಮ್ ತಿನಿಸಿದೆ. ಈಗ ಹೋಗಂದ್ರೂ ಹೋಗವಲ್ಲಳು."

"ನನಗೂ ಅದ ಬೇಕಾಗೈತಲೇ."

"ಬರೋಬ್ಬರಿ ವಿಚಾರ ಮಾಡು. ನಾನೂ ಬೇಕಂತಿದ್ದೆ."

ಹೀಗೆ ನಾನು ಹೋಟೆಲು ಹುಡುಕಲು ಹೊರಟೆ. ಮೊದಲು ಮೀರಜ ರಸ್ತೆಯ ಧಾಬಾ. ಹೊರಗೆ 'ಜೈನ ಥಾಳಿ ಸಿಗುತ್ತದೆ' ಎಂದು ದೊಡ್ಡ ಬೋರ್ಡೇ ಇತ್ತು. ಹಣದ ಗಲ್ಲೆಯ ಮೇಲೆ ಮಾಲೀಕ ಬಾಳಾಸಾಬ ಕೂತಿದ್ದ.

"ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಂಗಿಲ್ಲಲಾ?" ಎಂದು ಕೇಳಿದೆ.

"ಹಾಕತೀವ್ರಿ. ಬಡಸಾಗ ತಗದ ಬಡಸ್ತೀವಿ."

ಅದು ಸಾಲದು, ಬೇರೆ ಪಾತ್ರೆಯೇ ಬೇಕು ಎಂದು ನಾನು ಧರ್ಮದ ಮಾತು ಶುರುಮಾಡಿದೆ. ಬಾಳಾಸಾಬ ತಲೆ ಓರೆ ಮಾಡಿ ನನ್ನನ್ನೇ ನೋಡಿದ. "ಅಲ್ರಿ, ಮೊನ್ನಿ ಮಾಳೇಶನ ಜೋಡಿ ಬಂದು ಎರಡ ಪ್ಲೇಟ ಉಳ್ಳಾಗಡ್ಡಿ ಭಜಿ ತಿಂದ ಹೋದವರು ನೀವ ಅಲ್ಲೇನ್ರಿ?" ನಾನು ಬೇರೆ ಯಾರೋ ಇರಬೇಕೆಂದು ಹೇಳಿ ಗಾಡಿ ಕಿಕ್ ಮಾಡಿದೆ. ಆ ಹಾಳಾದ್ದು ಮೂರನೆಯ ಒದೆತಕ್ಕೆ ಶುರುವಾಯಿತು. ಅಷ್ಟರಲ್ಲಿ ಅವನು ಅಡುಗೆಯವನನ್ನೂ ಹೊರಗೆ ಕರೆದು ತೋರಿಸಿದ್ದ.

ಗಿರಾಕಿಯೊಬ್ಬರಿಗೆ ಪಂಪು ಮುಟ್ಟಿಸಲು ಚಿಕ್ಕೋಡಿಗೆ ಹೋದಾಗ ಅಲ್ಲೊಂದು ಏಸಿ ಹೋಟೆಲು ನೋಡಿದೆ. ಪಾತ್ರೆ ಬೇರೆ, ಅಡುಗೆಯವರು ಬೇರೆ, ಎಲ್ಲ ಸರಿ. ಆದರೆ ಸಂಜೆಯ ಊಟ ಏಳೂವರೆಯ ಮೇಲೆ.

"ನಮಗ ಹೊತ್ತ ಮುಳಗೂದ್ರೊಳಗ ಆಗಬೇಕ್ರಿ" ಎಂದೆ.

"ಹಂಗಾರ ಮಧ್ಯಾಹ್ನ ಬರ್ರಿ ಸರ್."

ಮಧ್ಯಾಹ್ನ ಬರಲು ನಾನೇನು ಕಾರ್ಖಾನೆಯ ಮಾಲೀಕನೇ? ಹಂಗಾಮಿನಲ್ಲಿ ರವಿವಾರವೂ ಮಧ್ಯಾಹ್ನ ಕಳೆಯುವ ತನಕ ನಾನು ಕೌಂಟರಿನಲ್ಲೇ. ನಿಪ್ಪಾಣಿಯ ಹೆದ್ದಾರಿ ಮೇಲೆ ಜೈನರದೇ ಹೋಟೆಲು ಇದೆ, ಸಂಜೆ ಬೇಗ ಬಡಿಸುತ್ತಾರೆ ಎಂದು ಯಾರೋ ಹೇಳಿದರು. ಅಲ್ಲಿಗೆ ಕರೆದೊಯ್ದರೆ ಅತ್ತೆಯವರು ಕೈ ತೊಳೆದು ಹಾಗೆಯೇ ತಮ್ಮೂರಿನ ಬಸ್ಸು ಹತ್ತಿದರೆ ಗತಿಯೇನು ಎಂದು ಬಿಟ್ಟೆ.

ಕೊನೆಗೆ ಅಥಣಿಯಲ್ಲೇ, ಮಾರ್ಕೆಟ್ ಯಾರ್ಡಿನ ಹಿಂದೆ, ಸಕ್ಕುಬಾಯಿಯ ರೊಟ್ಟಿ ಖಾನಾವಳಿ ನೆನಪಾಯಿತು. ಸಕ್ಕುಬಾಯಿ ನನ್ನ ಕಥೆಯನ್ನೆಲ್ಲ ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ರವಿವಾರ ಐದಕ್ಕ ಬರ್ರಿ. ಹೊಸ ಪಾತೇಲ್ಯಾಗ ಮಾಡ್ತೀನಿ. ನಿಮ್ಮ ಅತ್ತಿಯವರಿಗೆ ಏನ್ ಸೇರತೈತಿ, ಅದನ್ನ ಹೇಳ್ರಿ."

"ಏನ್ ಸೇರಂಗಿಲ್ಲ ಅನ್ನೂದಷ್ಟ ಗೊತ್ತೈತ್ರಿ."

"ಮತ್ತ ಅವರನ್ನ ಕೇಳ್ರಲಾ."

"ಕೇಳೂ ಪದ್ಧತಿ ಇಲ್ರಿ."

"ಹೆಂಡ್ತಿನ್ನ?"

"ಆಕಿಗೂ ಗೊತ್ತಿದ್ದಂಗ ಇಲ್ಲ. ಆಯಿಗೆ ಏನ್ ಸೇರತೈತಿ ಅಂದ್ರ, ನಮಗ ಸೇರಿದ್ದ ಆಕಿಗೂ ಸೇರತಿತ್ತು ಅಂತಾಳ."

ಸಕ್ಕುಬಾಯಿ ಹಲ್ಲಿ ಲೊಚಗುಟ್ಟಿದಂತೆ ನಾಲಿಗೆ ಲೊಚಗುಟ್ಟಿ ಒಳಗೆ ಹೋದಳು.

ರವಿವಾರ ಬಂತು. ಅತ್ತೆಯವರು ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ಸೋಸಿದ ನೀರಿನ ಬಾಟಲಿ ಕಂಕುಳಲ್ಲಿಟ್ಟುಕೊಂಡು ರಿಕ್ಷಾ ಹತ್ತಿದರು. ಕೂಸು ತೃಪ್ತಿಯ ಮಡಿಲಲ್ಲಿ. ಖಾನಾವಳಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸಕ್ಕುಬಾಯಿ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ ಹಾಸಿದ್ದಳು. ಬಿಸಿ ಜೋಳದ ರೊಟ್ಟಿ ಬಂತು, ಎಳೇ ಹೀರೇಕಾಯಿ ಪಲ್ಯ ಬಂತು, ಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಪೂರಿಯಂತೆ ಉಬ್ಬಿತ್ತು. ಅತ್ತೆಯವರು ತಾಟನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿದರು. ಕೈ ಮಾತ್ರ ತಾಟಿಗೆ ಹೋಗಲಿಲ್ಲ.

ನಾನು ಒಂದು ತುತ್ತು ತಿಂದು ತೃಪ್ತಿಯನ್ನು ನೋಡಿದೆ. ತೃಪ್ತಿ ಅವರವ್ವನನ್ನು ನೋಡಿದಳು. "ಆಯಿ, ಉಣ್ಣು. ಹೊತ್ತ ಮುಳಗತೈತಿ."

"ನೀವು ಉಣ್ರಿ. ನನಗ ಕುಂಡ್ರಾಕ ಚಲೋ ಆಗೈತಿ."

ಎರಡನೆಯ ರೊಟ್ಟಿ ತಂದ ಸಕ್ಕುಬಾಯಿ ಮುಟ್ಟದ ತಾಟು ನೋಡಿ ಸೊಂಟಕ್ಕೆ ಕೈಯಿಟ್ಟಳು. "ಯಾಕ್ರಿ ಅಕ್ಕಾರ, ನಮ್ಮ ಕೈ ಅಡಗಿ ಸೇರಲಿಲ್ಲೇನ್ರಿ? ವಾಸನಿನೂ ನೋಡಲಿಲ್ಲಲಾ!"

"ಹಂಗಲ್ಲವಾ ತಂಗಿ. ನಿನ್ನ ರೊಟ್ಟಿ ನನ್ನವಕ್ಕಿಂತ ಚಲೋ ಉಬ್ಬ್ಯಾವ. ನಂದು ನಿಯಮ ಐತಿ. ಹೋದ ಚಾತುರ್ಮಾಸದಾಗ ಮಹಾರಾಜರ ಮುಂದ ಹೋಟೆಲ್ ಊಟ ಬಿಟ್ಟೇನಿ. ಜೀವ ಇರೂತನಕ."

ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದೆ. ಮುನಿಗಳ ಎದುರು ಒಮ್ಮೆ ಬಿಟ್ಟದ್ದು ಬಿಟ್ಟದ್ದೇ. ಅದರಲ್ಲಿ ಅಳಿಯನ ಸಲುವಾಗಿ ರಿಯಾಯಿತಿ ಇಲ್ಲ. ಎರಡು ತಾಲೂಕು ತಿರುಗಿ, ಪಾತ್ರೆ ವಿಚಾರಿಸಿ, ಸೂರ್ಯನ ವೇಳೆ ವಿಚಾರಿಸಿ, ಉಣ್ಣುವವರನ್ನು ಮಾತ್ರ ವಿಚಾರಿಸದೆ ಬಂದಿದ್ದೆ.

"ಆಯಿ! ಹೋಟೆಲಿಗೆ ಹೊಂಟೀವಿ ಅಂತ ನಿನ್ನಿನ ಹೇಳಿದ್ನಲ್ಲ?" ತೃಪ್ತಿಯ ದನಿ ಏರಿತು.

"ಹೇಳಿದಿ. ಬರ್ತೀಯೇನು ಅಂತ ಕೇಳಲಿಲ್ಲ. ಅವರು ಅಷ್ಟ ತಿರಗ್ಯಾಡಿ ಬಂದಾರ, ಹೆಂಗ ಬ್ಯಾಡ ಅನ್ಲಿ? ಉಣ್ಣೂದು ಬಿಟ್ಟೇನಿ, ಕುಂಡ್ರೂದೇನ ಬಿಟ್ಟಿಲ್ಲಲಾ. ನೀನು ಕೂಸಿಗೆ ಅಂಗಿ ಹಾಕಾಕತ್ತಿದ್ದಾಗ ಎರಡ ರೊಟ್ಟಿ ಉಂಡ ಬಂದೇನಿ."

ಸಕ್ಕುಬಾಯಿ ಜೋರಾಗಿ ನಕ್ಕಳು. ಪಕ್ಕದ ಕುರ್ಚಿ ಎಳೆದು ಕೂತೇಬಿಟ್ಟಳು. "ಹೋಟೆಲ್ ಊಟ ಅಷ್ಟ ಮಸ್ತ್ ಆಗತಿತ್ತೇನ್ರಿ, ಬಿಡಾಕ?"

"ಎಲ್ಲೀದು! ಒಂದ್ಸಲಾನೂ ಉಂಡಿಲ್ಲ." ಅತ್ತೆಯವರು ಬಾಟಲಿಯಿಂದ ಒಂದು ಗುಟುಕು ಕುಡಿದರು. "ಏನ್ ಬಿಡ್ತಿ ಬಾಯಿ ಅಂತ ಮಹಾರಾಜರು ಕೇಳಿದ್ರು. ಒಲಿ ಬಿಡ್ತೀನ್ರಿ ಅಂತ ಬಾಯಿತನಕ ಬಂದಿತ್ತು. ಹಂಗ ಅನ್ನಾಕ ಬರತೈತೇನು? ಹಿಂದ ಸೊಸಿ ನಿಂತಿದ್ಳು, ಓಣ್ಯಾಗಿನ ಮಂದಿ ನಿಂತಿದ್ರು. ಹೋಟೆಲ್ ಊಟ ಬಿಟ್ಟೆ ಅಂದೆ. ಹೋಗೂದ ಇರಲಿಲ್ಲ, ಬಿಡೂದು ಹಗರ ಇತ್ತು."

ಸಕ್ಕುಬಾಯಿಯ ನಗು ಅಲ್ಲಿಗೇ ನಿಂತಿತು.

ಅತ್ತೆಯವರು ಅವಳಿಗೇ ಹೇಳುತ್ತ ಹೋದರು, ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ತುಂಬಿದ ಮನೆಗೆ ಸೊಸೆಯಾಗಿ ಬಂದದ್ದು. ಗಂಡ ಆಬಾಸಾಹೇಬರು ತಂಬಾಕಿನ ಹೊಲದಿಂದ ಬಂದವರು ಒಲೆಯಿಂದ ಇಳಿದ ರೊಟ್ಟಿಯನ್ನಲ್ಲದೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಅವರು ಉಣ್ಣುವುದನ್ನು ಈಕೆ ಎಂದೂ ಕೂತು ನೋಡಲಿಲ್ಲ, ಬೆನ್ನ ಹಿಂದೆ ಸದ್ದು ಕೇಳಿದ್ದಷ್ಟೇ. ಮುನಿಗಳು ಊರಿಗೆ ಬಂದಾಗ ಆಹಾರಕ್ಕೆ ಇವರ ಕೈಯೇ ಬೇಕೆಂದು ಓಣಿಯವರೆಲ್ಲ ಕರೆಯುತ್ತಿದ್ದರು. ಅದೊಂದು ಮರ್ಯಾದೆ, ಆದರೆ ನಸುಕಿನಲ್ಲಿ ಎದ್ದು ತಣ್ಣೀರು ಮಿಂದು ಮಾಡುವ ಮರ್ಯಾದೆ. ಗಂಡ ಹೋದರು. ಮಗ ಜಿನೇಂದ್ರನ ಅವಳಿ ಮಕ್ಕಳು ಬಂದವು. ಅವೂ ಈಗ ಶಾಲೆಗೆ ಹೋಗುವಷ್ಟಾದವು.

"ಇಲ್ಲಿ ಬಂದಾಗಿಂದ ಒಬ್ಬರೂ ಏಳು ಅನ್ನಲಿಲ್ಲ ನೋಡು, ತಂಗಿ" ಎಂದರು, ಖಾನಾವಳಿಯ ಕುರ್ಚಿಯ ಕೈ ಸವರುತ್ತ. "ಕುಂತಲ್ಲೇ ಬರಾಕತ್ತೈತಿ ಎಲ್ಲಾ."

ತೃಪ್ತಿಯ ಕಣ್ಣು ತುಂಬಿತ್ತು. ಅದು ದುಃಖವೋ ಸಿಟ್ಟೋ ನನಗೆ ತಿಳಿಯಲಿಲ್ಲ. "ಹಂಗಾರ ನನ್ನಿಂದ ಆಗಂಗಿಲ್ಲ ಅಂತ ಫೋನಿನ್ಯಾಗ ಹೇಳಬೇಕಿತ್ತಿಲ್ಲೋ ಆಯಿ? ನಾಳಿ ಸಾಲಿ ಐತಿ ನನಗ."

"ಮಗಳಿಗೆ ಹೆಂಗ ಇಲ್ಲ ಅನ್ಲೇ ಯವ್ವಾ? ಇದು ಸೇರಂಗಿಲ್ಲ, ಅದು ಸೇರಂಗಿಲ್ಲ ಅಂದ್ರ ನೀವ ಬ್ಯಾಸತ್ತ ಕಳಸ್ತೀರಿ ಅಂದ್ಕೊಂಡಿದ್ದೆ. ಇವರು ಬ್ಯಾಸರಾ ಮಾಡ್ಕೊಳ್ಳಲಿಲ್ಲ. ಹೋಟೆಲ್ ಹುಡಕಾಕ ಹೋದ್ರು."

ಆಗ ನಾನು ಪದ್ಧತಿ ಮುರಿದೆ. ಧೈರ್ಯದಿಂದಲ್ಲ. ತೃಪ್ತಿ ಅಳುತ್ತಿದ್ದಳು, ಮಾತು ಸಾಗಿಸುವವರು ಬೇರೆ ಯಾರೂ ಉಳಿದಿರಲಿಲ್ಲ.

"ಅತ್ತೀ, ನಿಮ್ಮಿಂದ ಎಷ್ಟ ಆಗತೈತ್ರಿ?"

ಅವರು ನೇರ ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡರು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನನ್ನನ್ನು ಅಳೆದರು ಅನ್ನಿಸಿತು.

"ಕೂಸಿಂದ ನನಗ ತ್ರಾಸಿಲ್ರಿ. ತೊಡಿ ಮ್ಯಾಲ ಇಟ್ಕೊಂಡ ಕುಂತ್ರ ಹೊತ್ತ ಹೋಗತೈತಿ. ಒಲಿ ಮುಂದ ನಿಂದ್ರೂದಿಲ್ಲ. ಒಂದ ಪಾತ್ರಿನೂ ಎತ್ತೂದಿಲ್ಲ. ಸೋಸಿದ ನೀರಿನ ಅಡಗಿ, ಹೊತ್ತ ಮುಳಗೂದ್ರೊಳಗ, ಯಾರರೆ ಮಾಡಿ ಕೊಟ್ರ ಇರ್ತೀನಿ."

"ಯಾರರೆ ಅಂದ್ರ?" ತೃಪ್ತಿ ಮೂಗು ಒರೆಸಿಕೊಂಡಳು. "ನಾನು ಎಂಟಕ್ಕ ಸಾಲಿಗೆ ಹೋದ್ರ ಐದಕ್ಕ ಬರಾಕಿ."

ಮೂವರು ಹೆಂಗಸರೂ ನನ್ನ ಕಡೆ ತಿರುಗಿದರು. ಕೂಸೂ ತಿರುಗಿತು, ಅದು ಬಹುಶಃ ಟ್ಯೂಬ್‌ಲೈಟ್ ನೋಡಲು.

"ನನಗ ಚಹಾ ಬರತೈತಿ" ಎಂದೆ.

"ಅದೂ ಬರಂಗಿಲ್ಲ" ಎಂದರು ಅತ್ತೆಯವರು. "ಕಲೀತೀರಿ."

ಸಕ್ಕುಬಾಯಿ ಮುಟ್ಟದ ತಾಟನ್ನು ನನ್ನ ಮುಂದೆ ಸರಿಸಿದಳು. "ಉಣ್ರಿ. ನಾಳಿಂದ ಇಂಥಾದ್ದು ಸಿಗಂಗಿಲ್ಲ ನಿಮಗ." ಎರಡು ಜನರ ಊಟ ಉಂಡು ಮನೆಗೆ ಹೋದೆ.

ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲು ಎದ್ದು ನೀರು ಸೋಸಿದೆ, ಅನ್ನಕ್ಕಿಟ್ಟೆ, ಕಾಳು ಬೇಯಿಸಿದೆ. ರೊಟ್ಟಿಗೆ ಕೈ ಹಾಕುವ ಧೈರ್ಯವಾಗಲಿಲ್ಲ. ಹೀರೇಕಾಯಿ ಹೆಚ್ಚುವಾಗ ಬೆರಳನ್ನೂ ಸ್ವಲ್ಪ ಹೆಚ್ಚಿಕೊಂಡೆ. ಸಂಜೆಯ ಊಟವನ್ನೂ ಆಗಲೇ ಮಾಡಿ ಮುಚ್ಚಿಟ್ಟೆ. ತೃಪ್ತಿ ಸೀರೆಯ ನೆರಿಗೆ ಹಿಡಿದು ಸರಸರ ಓಡಾಡಿ, ಕೂಸಿಗೆ ಮುತ್ತು ಕೊಟ್ಟು, ಬಸ್ಸಿಗೆ ಹೋದಳು. ಅತ್ತೆಯವರು ಬ್ರಾಹ್ಮಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುಮನೆಯಲ್ಲಿ ಕೂತಿದ್ದರು. ಕೆಲಸಕ್ಕೆ ಹೊರಡುವ ಮುನ್ನ ತಾಟು ಬಡಿಸಿ ಅವರ ಮುಂದಿಟ್ಟು, ಪರೀಕ್ಷೆಯ ಫಲಿತಾಂಶ ಕಾಯುವವನಂತೆ ಬಾಗಿಲಲ್ಲಿ ನಿಂತೆ.

ಅವರು ಒಂದು ತುತ್ತು ತಿಂದರು. ಅಗಿದರು, ಅಗಿದೇ ಅಗಿದರು. ನನ್ನ ಕಡೆ ನೋಡದೆ, ಕೂಸಿನ ಮುಖಕ್ಕೆ ಹೇಳಿದರು.

"ಕಾಳಿಗೆ ಉಪ್ಪ ಬಾಳ ಆಗೈತಿ ಅಂತ ನಿಮ್ಮಪ್ಪಗ ಹೇಳ. ನಾಳಿ ಕಮ್ಮಿ ಹಾಕಂತ ಹೇಳ."

ನಾಳೆ ಎಂದರು. ಚಪ್ಪಲಿ ಹುಡುಕುತ್ತ ನಾನು ಎರಡು ಸಲ ಆಕಳಿಸಿದೆ, ಅಂಗಡಿಯ ಬಾಗಿಲು ತೆಗೆಯಲು ಆಗಲೇ ತಡವಾಗಿತ್ತು. ಒಳಗೆ ಅತ್ತೆಯವರು ಕಾಲು ಚಾಚಿಕೊಂಡು ಎರಡನೆಯ ತುತ್ತು ಕಲಸುತ್ತಿದ್ದರು.