ಸಾಹೇಬರು ಬರುವ ಹೊತ್ತಿನ ಕೆಸರು

ಕೆಲಸ ಮುಗಿಸಿ ಕೈಕಾಲು ತೊಳೆದವರನ್ನು ನೋಡಿದ್ದೀರಿ. ತೊಳೆದ ಮೇಲೆ ಮತ್ತೆ ಕೆಸರು ಬಳಿದುಕೊಂಡವರನ್ನು?

ನಾನು ನೋಡಿದೆ ಕಣ್ರೀ. ಹೋದ ವಾರ, ಅಂಜನಾಪುರದ ಕಡೆ, ಭಾವನ ಗದ್ದೆ ಪಕ್ಕದ ಕಾಲುವೆ ದಂಡೆಯ ಮೇಲೆ. ಹಾಲಪ್ಪ ಅಂತ. ತೂಬು ತೆಗೆದು ಮುಚ್ಚುವ ಕೆಲಸ, ಕಾಂಟ್ರಾಕ್ಟ್ ಮೇಲೆ. ದೂರದಲ್ಲಿ ಜೀಪಿನ ಸದ್ದಾಗಿದ್ದೇ ತಡ, ಪುಣ್ಯಾತ್ಮ ಒಂದು ಬೊಗಸೆ ಮಣ್ಣು ಕಲಸಿ ಪ್ಯಾಂಟಿಗೆ ಒರೆಸಿಕೊಂಡ. (ಎರಡೂ ಮೊಣಕಾಲಿಗೆ ಸಮನಾಗಿ, ಗೋಡೆಗೆ ಸುಣ್ಣ ಹೊಡೆದಂತೆ.)

ಏನಿದು ಹಾಲಪ್ಪ ಅಂದೆ. ನಾಚಿಕೊಂಡೇ ಹೇಳಿದ. ಹಿಂದಿನ ವರ್ಷ ದಂಡೆ ಒಡೆದಾಗ ಸೊಂಟದುದ್ದ ನೀರಲ್ಲಿ ನಿಂತು ಮಣ್ಣಿನ ಚೀಲ ಒಟ್ಟಿದ್ದನಂತೆ. ಎಲ್ಲ ಮುಗಿಸಿ, ಸ್ನಾನ ಮಾಡಿ, ಒಣಬಟ್ಟೆ ಹಾಕಿ ಕೂತಿದ್ದಾಗ ನೀರಾವರಿ ಇಲಾಖೆಯ ಸಾಹೇಬರು ಬಂದರು. ಚೀಲ ಒಟ್ಟಿದ್ದು ಊರವರು ಅಂದುಕೊಂಡರೋ ಏನೋ, ಹತ್ತು ಜನರೆದುರು ಕೇಳಿದರು:

"ಏನಪ್ಪಾ, ಮದುವೆಗೆ ಬಂದೀಯೇನು?"

ಅವತ್ತಿಂದ ಈ ಮೇಕಪ್ಪು.

ಈಗ ಕಾಂಟ್ರಾಕ್ಟ್ ಮುಗಿಯುತ್ತಿದೆ. ಈ ಕಾಲುವೆಗೆ ಇರುವ ಇಬ್ಬರು ತೂಬಿನವರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುವುದು. ಹೆಸರು ಬರೆಯುವವರು ಇದೇ ಸಾಹೇಬರು.

ಸಾಹೇಬರು ಸೊರಬದವರು, ನನ್ನ ಹಳೇ ಕ್ಲಾಸ್‌ಮೇಟ್. ಜೀಪಿನಿಂದಿಳಿದು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು: "ಇವನ ಹೆಸರು ಹೆಂಗೆ ಬರೀಲಿ ಮಾರಾಯ? ಕಾಲುವೆ ಒಳಗಿನ ಕೆಸರು ಕಪ್ಪು. ಅವನ ಪ್ಯಾಂಟ್ ಮೇಲಿರೋದು ದಂಡೆಯ ಕೆಂಪು ಮಣ್ಣು. ವರ್ಷದಿಂದ ನೋಡ್ತಿದೀನಿ, ಬರೀ ನಾಟಕ."

ಕೆಲಸ ಉಳಿಯಲಿ ಅಂತ ಹಚ್ಚಿಕೊಂಡ ಕೆಸರೇ ಕೆಲಸ ಕಳೆಯುವುದರಲ್ಲಿತ್ತು.

ಆ ಹಳೇ ದಿನದ ಕಥೆ ಹೇಳಿದೆ. ತಮಾಷೆಗೆ ಅಂದಿರಬೇಕು, ನೆನಪೇ ಇಲ್ಲ ಅಂದರು. (ಬೈದವರಿಗೆ ನೆನಪಿರುವುದಿಲ್ಲ. ನಾನೂ ಮನೆಯಲ್ಲಿ ಹಾಗೇ.) ಆಮೇಲೆ ಕಾಲುವೆಗುಂಟ ನಡೆದರು. ತೂಬಿನ ತಿರುಪಿಗೆ ಗ್ರೀಸ್ ಇತ್ತು. ಜೊಂಡು ಕಿತ್ತಾಗಿತ್ತು. ಕೊನೇ ಗದ್ದೆಗೂ ನೀರು ಮುಟ್ಟಿತ್ತು. ಇದನ್ನೆಲ್ಲ ಹಾಲಪ್ಪ ಒಂದು ದಿನವೂ ತೋರಿಸಿರಲಿಲ್ಲ. ಜೀಪಿನ ಹತ್ತಿರ ನಿಂತು ಪ್ಯಾಂಟು ತೋರಿಸಿದ್ದೇ ಆಯ್ತು. ಸಾಹೇಬರೂ ಅಷ್ಟೇ, ಈವರೆಗೆ ಜೀಪು ಬಿಟ್ಟು ಆಚೆ ಹೋಗಿರಲಿಲ್ಲ.

ವಾಪಸ್ ಬಂದು, ನಿನ್ನ ಹೆಸರೇ ಕಳಿಸ್ತೀನಿ, ಇನ್ನು ಒಣಬಟ್ಟೆಯಲ್ಲೇ ಇರು ಅಂದರು. ಹಾಲಪ್ಪ ಅರ್ಥವಾಗದವನ ಹಾಗೆ ಕೈ ಮುಗಿದ.

ಸುಖಾಂತ್ಯ ಅಂತ ಪೆನ್ನು ಮುಚ್ಚುವವನಿದ್ದೆ. ನಿನ್ನೆ ಹಾಲಪ್ಪನ ಫೋನು, ದನಿ ಸಣ್ಣಗೆ.

"ನಾಳೆ ಸಾಹೇಬ್ರು ಬರ್ತಾರಂತೆ. ಒಣಬಟ್ಟೆ ಅಂದ್ರೆ ಇಸ್ತ್ರಿ ಮಾಡಿದ್ದೇ ಆಗ್ಬೇಕೇನ್ರೀ?"

ಹೆದರಿಸಲು ಒಂದೇ ಮಾತು ಸಾಕಾಗಿತ್ತು. ಆ ಹೆದರಿಕೆ ಬಿಡಿಸಲು ಎಷ್ಟು ಮಾತು ಬೇಕು, ಹೇಳಿ?